ಕಷಾಯ ಕುಡಿಯಿರಿ, ದಿನ ಎಣಿಸುವುದನ್ನು ಮಾತ್ರ ಬಿಡಬೇಡಿ

2020ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಫೋನುಗಳಲ್ಲೆಲ್ಲ ಒಂದೇ ಸಂದೇಶ: ಇವತ್ತು ರಾತ್ರಿ ಹೆಲಿಕಾಪ್ಟರ್‌ಗಳು ಆಕಾಶದಿಂದ ಔಷಧಿ ಸಿಂಪಡಿಸುತ್ತವೆ, ಒಣಹಾಕಿದ ಬಟ್ಟೆ ಒಳಗೆ ತೆಗೆದುಕೊಳ್ಳಿ, ಬೆಳಗಾಗುವವರೆಗೂ ಹೊರಗೆ ಬರಬೇಡಿ. ಹೆಲಿಕಾಪ್ಟರ್ ಬರಲಿಲ್ಲ, ಬಟ್ಟೆ ಒಣಗಲಿಲ್ಲ, ಅಷ್ಟೇ ನಷ್ಟ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ಸುಳ್ಳು ಅಷ್ಟು ಸಾಧುವಾಗಿರಲಿಲ್ಲ. ಅದೇ ದಿನಗಳಲ್ಲಿ ಕೋಳಿಯ ಬೆಲೆ ನೆಲಕಚ್ಚಿ, ಮೇವಿನ ಖರ್ಚೂ ಹುಟ್ಟದೆ, ಸಾಕಣೆದಾರರು ಗುಂಡಿ ತೋಡಿ ಜೀವಂತ ಕೋಳಿಗಳನ್ನೇ ಹೂತರು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದಾಗ ವದಂತಿಗಳ ಸ್ವಭಾವವೇ ಬದಲಾಯಿತು. ಮೂಗಿಗೆ ನಿಂಬೆರಸ, ಮೂಸಲು ಕರ್ಪೂರದ ಗಂಟು, ಆಮ್ಲಜನಕದ ಸಿಲಿಂಡರಿಗೆ ಬದಲು ನೆಬ್ಯುಲೈಸರ್. ಹಾಸಿಗೆ ಸಿಗದ ಊರಿನಲ್ಲಿ ಜನ ನಂಬಿದ್ದು ಕೈಗೆ ಸಿಕ್ಕ ವಸ್ತುವನ್ನು.

ಮನೆಮದ್ದಿನ ವಿಷಯದಲ್ಲಿ ‘ನಿಜವೋ ಸುಳ್ಳೋ’ ಎಂದು ಜಗಳವಾಡುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆ ಎರಡು. ಇದು ಮೈಗೆ ಏನು ಮಾಡುತ್ತದೆ? ಇದನ್ನು ನಂಬಿಕೊಂಡು ನಾವು ಎಷ್ಟು ದಿನ ಸುಮ್ಮನೆ ಕೂರುತ್ತೇವೆ? ಮೊದಲನೆಯದರಿಂದ ಆರೋಗ್ಯ ಕೆಡಿಸಿಕೊಂಡವರು ಇದ್ದಾರೆ. ಎರಡನೆಯದು ಕಣ್ಣಿಗೆ ಬೀಳದ ಕೇಡು. ಕೋವಿಡ್‌ನಲ್ಲಿ ಆಮ್ಲಜನಕದ ಮಟ್ಟ ಇಳಿಯುವುದಿದ್ದರೆ ಸಾಮಾನ್ಯವಾಗಿ ಲಕ್ಷಣ ಶುರುವಾದ 5ನೇ ದಿನದಿಂದ 10ನೇ ದಿನದೊಳಗೆ. ಆ ಹೊತ್ತಿಗೆ ಜ್ವರ ಇಳಿದಿರಬಹುದು, ರೋಗಿ ಎದ್ದು ಕೂತು ಮಾತಾಡುತ್ತಿರಬಹುದು. ‘ಕಷಾಯ ಹಿಡಿಯಿತು ನೋಡಿ’ ಎಂದು ಮನೆಯವರು ನಿರಾಳವಾಗುವುದೂ ಆಗಲೇ.

ಸಂದೇಶ ಬಂದಾಗ ಮೊದಲ ಐದು ನಿಮಿಷ

ಫೋನಿನಲ್ಲಿ ಬಂದ ಚಿಕಿತ್ಸೆಯ ಸಂದೇಶವನ್ನು ಮೊದಲು ಮೇಲಿನಿಂದ ನೋಡಿ. ವಾಟ್ಸಾಪ್‌ನಲ್ಲಿ ಎರಡು ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದದ್ದು. 2020ರ ಏಪ್ರಿಲ್‌ನಿಂದ ಅಂಥ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳಿಸಲು ಸಾಧ್ಯ. ಹಾಗೆ ಅಡ್ಡಗಟ್ಟಿದ್ದೇ ವದಂತಿಗಳ ಓಟ ತಡೆಯುವುದಕ್ಕೆ. ಎರಡು ಬಾಣ ಇದ್ದ ಮಾತ್ರಕ್ಕೆ ಸುಳ್ಳು ಎನ್ನಲಾಗದು. ಆದರೆ ಕಳಿಸಿದ ನಿಮ್ಮ ಸೋದರಮಾವ ಅದನ್ನು ಬರೆದವರಲ್ಲ, ಅವರ ಮೇಲಿನ ಗೌರವ ಆ ಸಂದೇಶಕ್ಕೆ ಸಲ್ಲಬೇಕಾಗಿಲ್ಲ.

ಆಮೇಲೆ ಒಳಗೆ ನಾಲ್ಕು ಸಂಗತಿ ಹುಡುಕಿ: ಎಷ್ಟು ಪ್ರಮಾಣ, ಎಷ್ಟು ದಿನ, ಯಾರು ತೆಗೆದುಕೊಳ್ಳಬಾರದು, ವಾಸಿಯಾಗದಿದ್ದರೆ ಏನು ಮಾಡಬೇಕು. ನಿಜವಾದ ವೈದ್ಯ ಸಲಹೆಯಲ್ಲಿ ಕೊನೆಯ ಎರಡು ಇದ್ದೇ ಇರುತ್ತವೆ. ವದಂತಿಯಲ್ಲಿ ಇರುವುದೇ ಇಲ್ಲ, ಏಕೆಂದರೆ ವದಂತಿ ಎಲ್ಲರಿಗೂ ಆಗುತ್ತದೆ, ಯಾವಾಗಲೂ ವಾಸಿ ಮಾಡುತ್ತದೆ. ‘ನೂರಕ್ಕೆ ನೂರು’, ‘ಐದೇ ಸೆಕೆಂಡಿನಲ್ಲಿ’, ‘ಆಸ್ಪತ್ರೆಯವರು ಇದನ್ನು ಮುಚ್ಚಿಟ್ಟಿದ್ದಾರೆ’ ಎಂಬ ಮಾತುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ. ಧ್ವನಿ ಸಂದೇಶದಲ್ಲಿ ‘ನಾನು ಡಾಕ್ಟರ್ ಮಾತಾಡ್ತಿದೀನಿ’ ಎಂದು ಬಂದರೆ ಆ ಡಾಕ್ಟರು ಯಾವ ಊರು, ಯಾವ ಆಸ್ಪತ್ರೆ ಎಂದು ಹೇಳಿದ್ದಾರೆಯೇ ಕೇಳಿಸಿಕೊಳ್ಳಿ. ಹೇಳಿದ್ದರೆ ಆ ಆಸ್ಪತ್ರೆಗೇ ಫೋನ್ ಮಾಡಿ ಕೇಳಬಹುದು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ಘಟಕ ಇಂಥ ಎಷ್ಟೋ ಸಂದೇಶಗಳಿಗೆ ಉತ್ತರ ಕೊಟ್ಟಿದೆ, ಸಂದೇಶದ ಎರಡು ಮುಖ್ಯ ಪದ ಹಾಕಿ ಹುಡುಕಿದರೆ ಸಿಗುತ್ತದೆ. ಕರ್ನಾಟಕದಲ್ಲಿದ್ದರೆ 104 ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಕೇಳಬಹುದು.

ಸುಳ್ಳು ಎಂದು ಖಚಿತವಾದ ಮೇಲೆ ಕುಟುಂಬದ ಗುಂಪಿನಲ್ಲಿ ಎಲ್ಲರೆದುರು ತಿದ್ದಲು ಹೋಗಬೇಡಿ. ಹಿರಿಯರಿಗೆ ಮುಖಭಂಗವಾದರೆ ಅವರು ಸಂದೇಶವನ್ನು ಬಿಡುವುದಿಲ್ಲ, ಗುಂಪನ್ನು ಬಿಡುತ್ತಾರೆ. ಅವರಿಗೊಬ್ಬರಿಗೇ ಫೋನ್ ಮಾಡಿ: ‘ಮಾವ, ನೀವು ಕಳಿಸಿದ್ದು ನೋಡಿದೆ. ನಿಂಬೆರಸ ಮೂಗಿಗೆ ಬೇಡ, ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಬೇಕಿದ್ದರೆ ಶರಬತ್ತು ಮಾಡಿ ಕುಡಿಯಿರಿ.’ ಬೇಡ ಎನ್ನುವಾಗ ಬದಲಿಗೆ ಮಾಡುವಂಥದ್ದು ಒಂದನ್ನು ಕೈಗೆ ಕೊಡಬೇಕು. ಭಯದಲ್ಲಿರುವವರಿಗೆ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ.

ಅಡುಗೆಮನೆಯ ಮದ್ದುಗಳನ್ನು ಜರಡಿ ಹಿಡಿಯುವುದು

ಬಾಯಿಗೆ ಹಿತ ಕೊಡುವವು ಮೊದಲು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ಗಂಟಲ ಕೆರೆತ ಕಡಿಮೆಯಾಗುತ್ತದೆ. ವೈರಸ್ ಹೋಗುವುದಿಲ್ಲ. ವೈರಸ್ ಗಂಟಲಲ್ಲಿ ಕುಳಿತು ತೊಳೆಸಿಕೊಳ್ಳಲು ಕಾಯುತ್ತಿರುವುದಿಲ್ಲ, ಜೀವಕೋಶಗಳ ಒಳಹೊಕ್ಕಿರುತ್ತದೆ. ‘ಹದಿನೈದು ನಿಮಿಷಕ್ಕೊಮ್ಮೆ ಬಿಸಿನೀರು ಕುಡಿದರೆ ಹೊಟ್ಟೆಗೆ ಇಳಿದು ಸಾಯುತ್ತದೆ’ ಎಂಬ ಮಾತು ಬಿದ್ದುಹೋಗುವುದೂ ಇಲ್ಲಿಯೇ. ಅರಿಸಿನ ಹಾಕಿದ ಹಾಲು, ಮೆಣಸಿನ ಸಾರು, ಗಂಜಿ, ರಾಗಿ ಅಂಬಲಿ ಎಲ್ಲವೂ ಒಳ್ಳೆಯವು. ಜ್ವರದಲ್ಲಿ ನೀರು ಮತ್ತು ಅನ್ನ ಒಳಗೆ ಹೋಗುವುದೇ ದೊಡ್ಡ ಉಪಕಾರ. ಕೆಮ್ಮಿಗೆ ಜೇನುತುಪ್ಪ ಕೊಡಬಹುದು, ಆದರೆ ಒಂದು ವರ್ಷ ತುಂಬದ ಮಗುವಿಗೆ ಒಂದು ತೊಟ್ಟೂ ಕೂಡದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಎಳೆಮಗುವಿನ ಕರುಳಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ.

ಕಷಾಯದ ವಿಷಯದಲ್ಲಿ ಕೆಟ್ಟದ್ದು ಕಷಾಯವಲ್ಲ, ಅಳತೆ. ಆಯುಷ್ ಸಚಿವಾಲಯ 2020ರಲ್ಲಿ ಹೇಳಿದ ‘ಆಯುಷ್ ಕ್ವಾಥ’ದ ಲೆಕ್ಕ ಹೀಗಿತ್ತು: ತುಳಸಿ 4 ಪಾಲು, ಚಕ್ಕೆ 2, ಒಣಶುಂಠಿ 2, ಕಾಳುಮೆಣಸು 1. ಈ ಪುಡಿಯಲ್ಲಿ 3 ಗ್ರಾಂ, 150 ಮಿಲಿ ನೀರು, ದಿನಕ್ಕೆ ಒಂದು ಅಥವಾ ಎರಡು ಸಲ. ಕಾಯಿಲೆ ಗುಣಪಡಿಸುತ್ತದೆ ಎಂದಲ್ಲ, ರೋಗನಿರೋಧಕ ಶಕ್ತಿಗೆ ಎಂದು ಹೇಳಿದ್ದು. ಮನೆಗಳಲ್ಲಿ ಆದದ್ದು ಬೇರೆ. ಅಳತೆಯಿಲ್ಲದೆ ಮುಷ್ಟಿಗಟ್ಟಲೆ ಮೆಣಸು ಹಾಕಿ, ಲೋಟದ ಮೇಲೆ ಲೋಟ, ದಿನಕ್ಕೆ ಐದಾರು ಸಲ. ಎದೆಯುರಿ, ಬಾಯಿ ಹುಣ್ಣು, ಹೊಟ್ಟೆನೋವು ಬಂದವು. ಎದೆಯುರಿಯನ್ನು ಕೊರೊನಾ ಎದೆಗಿಳಿದಿದೆ ಎಂದುಕೊಂಡು ಇನ್ನೊಂದು ಲೋಟ ಕುಡಿದವರೂ ಉಂಟು. ಸಕ್ಕರೆ ಕಾಯಿಲೆಯವರು ಬೆಲ್ಲ ಹಾಕಿದ ಕಷಾಯವನ್ನು ಊಟದ ಲೆಕ್ಕಕ್ಕೇ ಸೇರಿಸಬೇಕು. ಬಿಪಿ ಇರುವವರು ಅತಿಮಧುರ ಹಾಕಿದ್ದನ್ನು ದಿನವೂ ಕುಡಿಯಬಾರದು, ಅದು ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬೆಳ್ಳುಳ್ಳಿ, ಶುಂಠಿ, ಅರಿಸಿನವನ್ನು ಸಾರಿನ ಅಳತೆಯಲ್ಲಿ ಇಟ್ಟುಕೊಳ್ಳಲಿ, ಮದ್ದಿನ ಅಳತೆಗೆ ಹೋಗದಿರಲಿ.

ಅಮೃತಬಳ್ಳಿಗೆ ಬೇರೆಯೇ ಎಚ್ಚರಿಕೆ ಬೇಕು. ತಿಂಗಳುಗಟ್ಟಲೆ ಅದರ ರಸ ಕುಡಿದು ಯಕೃತ್ತು ಕೆಟ್ಟ ಆರು ರೋಗಿಗಳ ವಿವರವನ್ನು ಮುಂಬೈನ ವೈದ್ಯರು 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪದೆ, ನೋಡಲು ಅದರಂತೆಯೇ ಇರುವ ಬೇರೆ ಜಾತಿಯ ಬಳ್ಳಿ ಇರಬಹುದು ಎಂದಿತು. ಆ ವಾದದಲ್ಲಿ ಯಾರ ಪರ ನಿಂತರೂ ಮನೆಯವರು ಮಾಡಬೇಕಾದದ್ದು ಒಂದೇ: ಬೇಲಿಯಿಂದ ಕಿತ್ತು ತಂದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯುವುದು ಬಿಡಿ. ಮೊದಲೇ ಯಕೃತ್ತಿನ ತೊಂದರೆ, ಥೈರಾಯ್ಡ್, ಸಂಧಿವಾತ ಇದ್ದವರು ಮುಟ್ಟುವುದೇ ಬೇಡ. ಕಣ್ಣು ಹಳದಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ನಿಲ್ಲಿಸಿ, ಕುಡಿದದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಹಬೆ ತೆಗೆದುಕೊಳ್ಳುವುದು ಕಟ್ಟಿದ ಮೂಗಿಗೆ ಸ್ವಲ್ಪ ಹೊತ್ತಿನ ಸುಖ. ವೈರಸ್ಸನ್ನು ಕೊಲ್ಲುವಷ್ಟು ಬಿಸಿ ಮೂಗಿನ ಒಳಪದರವನ್ನೂ ಬೇಯಿಸುತ್ತದೆ, ಆದ್ದರಿಂದ ಆ ಆಸೆ ಬೇಡ. ಅಪಾಯ ಇರುವುದು ಪಾತ್ರೆಯಲ್ಲಿ. ಕುದಿಯುವ ನೀರಿನ ಬೋಗುಣಿ, ಮೇಲೆ ಹೊದಿಕೆ, ಕೆಳಗೆ ಮಂಚ ಅಥವಾ ತೊಡೆ. ಮಗು ಕೈಯಾಡಿಸಿದರೆ ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಡುತ್ತದೆ. ತೆಗೆದುಕೊಳ್ಳಲೇಬೇಕಿದ್ದರೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗದ ಮೇಜಿನ ಮೇಲಿಟ್ಟು, ಕುದಿ ನಿಂತ ಮೇಲೆ, ಮುಖ ಒಂದು ಮೊಳ ದೂರವಿಟ್ಟು ಐದು ನಿಮಿಷ, ದಿನಕ್ಕೆ ಒಂದೆರಡು ಸಲ ಸಾಕು. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ, ಅವರ ಮೂಗಿಗೆ ಔಷಧಿ ಅಂಗಡಿಯ ಉಪ್ಪುನೀರಿನ ಹನಿ ಸಾಕು.

ಇನ್ನು ನೇರವಾಗಿ ಕೆಡುಕು ಮಾಡುವವು.

ಮೂಗಿಗೆ ನಿಂಬೆರಸ. ನಿಂಬೆರಸ ಕಟು ಆಮ್ಲ, ಅದರ ಪಿಎಚ್ 2ರಿಂದ 2.5ರ ಆಸುಪಾಸು. ನಾಲಿಗೆ ತಡೆಯುವುದನ್ನು ಮೂಗಿನ ಒಳಪದರ ತಡೆಯದು. ಮಲಗಿಸಿ ಹನಿ ಬಿಟ್ಟಾಗ ಅದು ಗಂಟಲ ಹಿಂಭಾಗಕ್ಕೆ ಇಳಿದು ಶ್ವಾಸನಾಳಕ್ಕೆ ಹೋಗಬಹುದು. ಆಮ್ಲಜನಕ ಕಡಿಮೆಯಾಗಿರುವವರಿಗೆ ಕೆಮ್ಮು, ವಾಂತಿ ಬಂದು ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಸಾಸಿವೆ ಎಣ್ಣೆ, ಬೆಳ್ಳುಳ್ಳಿ ರಸ ಮೂಗಿಗೆ ಬಿಡುವುದೂ ಇದೇ ಸಾಲಿನದು.

ಕರ್ಪೂರ, ಓಮ, ಲವಂಗದ ಗಂಟು ಕಟ್ಟಿ ಮೂಸಿದರೆ ಆಮ್ಲಜನಕ ಏರುತ್ತದೆ ಎಂಬುದು ಎರಡನೇ ಅಲೆಯಲ್ಲಿ ಓಡಾಡಿದ ಮಾತು. ಮೂಸಿದಾಗ ಉಸಿರು ಸಲೀಸಾದಂತೆ ಅನಿಸುವುದು ನಿಜ. ಮೂಗಿನಲ್ಲಿ ತಂಪನ್ನು ಗುರುತಿಸುವ ನರತುದಿಗಳನ್ನು ಕರ್ಪೂರ ಕೆಣಕುತ್ತದೆ, ಗಾಳಿ ಹೆಚ್ಚು ಬರುತ್ತಿದೆ ಎಂದು ಮಿದುಳು ಭಾವಿಸುತ್ತದೆ. ರಕ್ತದಲ್ಲಿನ ಆಮ್ಲಜನಕದ ಅಂಕಿ ಕದಲುವುದಿಲ್ಲ. ಅನಿಸಿಕೆ ಸುಧಾರಿಸಿ ಅಂಕಿ ಇಳಿಯುತ್ತಿರುವ ಸ್ಥಿತಿಗಿಂತ ಮೋಸದ್ದು ಇನ್ನೊಂದಿಲ್ಲ. ಮಗು ಕರ್ಪೂರದ ಬಿಲ್ಲೆ ನುಂಗಿದರೆ ಸ್ವಲ್ಪ ಹೊತ್ತಿನಲ್ಲೇ ಸೆಳೆತ ಬರಬಹುದು, ಒಂದು ಗ್ರಾಂನಷ್ಟೇ ಪ್ರಾಣ ತೆಗೆದದ್ದಿದೆ. ದೇವರಮನೆಯ ಡಬ್ಬಿ ಎತ್ತರದಲ್ಲಿರಲಿ. ನೆಬ್ಯುಲೈಸರಿನದೂ ಹೀಗೆಯೇ: ಅದು ಔಷಧಿಯನ್ನು ಮಂಜಾಗಿಸುವ ಯಂತ್ರ, ಒಳಗೆ ತೆಗೆದುಕೊಳ್ಳುವುದು ಕೋಣೆಯ ಗಾಳಿಯನ್ನೇ.

2020ರ ಏಪ್ರಿಲ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಒಂದು ವಿಡಿಯೊ ನೋಡಿ ಉಮ್ಮತ್ತಿ ಬೀಜ ಅರೆದು ಕುಡಿದವರು ಆಸ್ಪತ್ರೆ ಸೇರಿದರು. ಉಮ್ಮತ್ತಿ ಕಾಯಿಗೂ ವೈರಸ್ಸಿನ ಚಿತ್ರಕ್ಕೂ ಮುಳ್ಳು ಒಂದೇ ತರಹ ಇದೆ ಎಂಬುದೇ ಅದರ ಹಿಂದಿದ್ದ ತರ್ಕ. ಇರಾನಿನಲ್ಲಿ ಮದ್ಯ ಕುಡಿದರೆ ಕೊರೊನಾ ಬಾರದು ಎಂಬ ಮಾತು ನಂಬಿ ಕಳ್ಳಭಟ್ಟಿಯ ಮೆಥನಾಲ್ ಎಂಬ ವಿಷ ಕುಡಿದು ಸತ್ತವರು ನೂರಾರು. ಸ್ಯಾನಿಟೈಸರ್ ಕೈಗೆ ಹಚ್ಚುವುದಕ್ಕೆ ಮಾತ್ರ, ಅದರಲ್ಲಿ ಆಲ್ಕೋಹಾಲ್ ಶೇ 60ಕ್ಕಿಂತ ಹೆಚ್ಚಿರಬೇಕು. ಸೋಪು, ನೀರು ಸಿಕ್ಕಲ್ಲಿ 20 ಸೆಕೆಂಡ್ ತಿಕ್ಕಿ ತೊಳೆಯುವುದೇ ಸಾಕು.

ಮಾತ್ರೆಯ ರೂಪದ ‘ಶಕ್ತಿಮದ್ದು’ಗಳಲ್ಲಿ ಎಡವುವುದು ವಿಟಮಿನ್ ಡಿಯಲ್ಲಿ. 60,000 ಯೂನಿಟ್ಟಿನ ಸ್ಯಾಚೆ ಸಾಮಾನ್ಯವಾಗಿ ವಾರಕ್ಕೊಂದು ಬರೆದುಕೊಡುವಂಥದ್ದು, ಅದೂ ಕೆಲವು ವಾರ. ದಿನಕ್ಕೊಂದರಂತೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕಿಡ್ನಿಗೆ ಪೆಟ್ಟು. ಸತುವಿನ ಮಾತ್ರೆ ತಿಂಗಳುಗಟ್ಟಲೆ ಹೆಚ್ಚಾಗಿ ತಿಂದರೆ ಮೈಯಲ್ಲಿ ತಾಮ್ರದ ಅಂಶ ಕಡಿಮೆಯಾಗುತ್ತದೆ.

ಸ್ಟೀರಾಯ್ಡ್ ಚೀಟಿ ಎಂಬ ವದಂತಿ

ಎರಡನೇ ಅಲೆಯಲ್ಲಿ ಹೆಚ್ಚು ಕೇಡು ಮಾಡಿದ ಸಂದೇಶಗಳಲ್ಲಿ ಒಂದು ಮನೆಮದ್ದೇ ಅಲ್ಲ. ಯಾರೋ ಒಬ್ಬರಿಗೆ ವೈದ್ಯರು ಬರೆದ ಚೀಟಿಯ ಫೋಟೊ ಊರೆಲ್ಲ ಓಡಾಡಿ, ಜನ ಅದನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ಮಾತ್ರೆ ತಂದರು. ಅದರಲ್ಲಿ ಸ್ಟೀರಾಯ್ಡ್ ಇರುತ್ತಿತ್ತು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೋವಿಡ್‌ನಲ್ಲಿ ಜೀವ ಉಳಿಸುತ್ತದೆ ಎಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ತೋರಿಸಿತು: ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಮೂರನೇ ಒಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರಲ್ಲಿ ಐದನೇ ಒಂದು ಪಾಲು ಕಡಿಮೆ. ಅದೇ ಪ್ರಯೋಗದಲ್ಲಿ ಆಮ್ಲಜನಕ ಬೇಕಾಗದವರಿಗೆ ಏನೂ ಲಾಭ ಕಾಣಲಿಲ್ಲ. ಎರಡನೆಯ ಸಾಲು ಮೊದಲನೆಯದರಷ್ಟು ದೂರ ಓಡಲಿಲ್ಲ.

ಮೊದಲ ಐದು ದಿನದಲ್ಲಿ ಮೈಯ ರಕ್ಷಣಾ ವ್ಯವಸ್ಥೆ ವೈರಸ್ಸಿನೊಂದಿಗೆ ಹೋರಾಡುತ್ತಿರುತ್ತದೆ, ಸ್ಟೀರಾಯ್ಡ್ ಅದರ ಕೈ ಕಟ್ಟುತ್ತದೆ. ಜ್ವರವನ್ನೂ ಇಳಿಸುವುದರಿಂದ ಕಾಯಿಲೆ ವಾಸಿಯಾದಂತೆ ಕಾಣುತ್ತದೆ. ರಕ್ತದ ಸಕ್ಕರೆ ಏರುತ್ತದೆ. ಸಕ್ಕರೆ ಏರಿದ, ರಕ್ಷಣೆ ಕುಗ್ಗಿದ ಮೈಯಲ್ಲಿ 2021ರ ಮೇ ತಿಂಗಳ ಹೊತ್ತಿಗೆ ಕಪ್ಪು ಶಿಲೀಂಧ್ರ ಕಾಣಿಸಿಕೊಂಡಿತು. ಆಗ ಹೊಸ ವದಂತಿ: ಫ್ರಿಜ್ಜಿನಲ್ಲಿಟ್ಟ ಈರುಳ್ಳಿಯ ಮೇಲಿನ ಕಪ್ಪು ಪುಡಿಯೇ ಆ ಶಿಲೀಂಧ್ರ ಎಂದು. ಈರುಳ್ಳಿಯದು ಬೇರೆ ಜಾತಿಯ ಬೂಷ್ಟು, ತೊಳೆದರೆ ಹೋಗುತ್ತದೆ. ಜನ ಈರುಳ್ಳಿ ಎಸೆದರು, ಗ್ಲುಕೋಮೀಟರ್ ನೋಡಲಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಇನ್ನೊಬ್ಬರ ಚೀಟಿಯ ಮಾತ್ರೆ ಬೇಡ. ವೈದ್ಯರು ಸ್ಟೀರಾಯ್ಡ್ ಬರೆದರೆ ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂದು ಚೀಟಿಯ ಮೇಲೆಯೇ ಬರೆಸಿಕೊಳ್ಳಿ. ಸಕ್ಕರೆ ಕಾಯಿಲೆ ಇರಲಿ ಇಲ್ಲದಿರಲಿ, ತೆಗೆದುಕೊಳ್ಳುವಷ್ಟು ದಿನ ರಕ್ತದ ಸಕ್ಕರೆ ನೋಡಿಕೊಳ್ಳಿ. ಮುಖದ ಒಂದು ಬದಿ ನೋವು ಅಥವಾ ಮರಗಟ್ಟಿದಂತಾಗುವುದು, ಮೂಗಿನಲ್ಲಿ ಕಪ್ಪು ಹಕ್ಕಳೆ, ಕಣ್ಣಿನ ಸುತ್ತ ಊತ, ಎರಡೆರಡಾಗಿ ಕಾಣುವುದು, ಹಲ್ಲು ಸಡಿಲವಾಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಸ್ಫಟಿಕ, ಅರಿಸಿನ, ಸೈಂಧವ ಲವಣದಿಂದ ಹೋಗುವ ಕಾಯಿಲೆಯಲ್ಲ ಕಪ್ಪು ಶಿಲೀಂಧ್ರ. ಮಲೇರಿಯಾದ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್, ಹುಳುವಿನ ಮಾತ್ರೆ ಐವರ್‌ಮೆಕ್ಟಿನ್ ಎರಡನ್ನೂ 2021ರ ಸೆಪ್ಟೆಂಬರ್‌ನಲ್ಲಿ ದೇಶದ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಅಜಿತ್ರೋಮೈಸಿನ್ ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗಲ್ಲ.

ಮನೆಯಲ್ಲಿ ನಿಜವಾಗಿ ಬೇಕಾದದ್ದು

ಒಂದು ಥರ್ಮಾಮೀಟರ್, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಒಂದು ಆಕ್ಸಿಮೀಟರ್, ಒಂದು ನೋಟುಪುಸ್ತಕ. ಮೂರರಲ್ಲಿ ನೋಟುಪುಸ್ತಕವನ್ನೇ ಜನ ಬಿಡುವುದು.

ಮೊದಲ ಪುಟದಲ್ಲಿ ಲಕ್ಷಣ ಶುರುವಾದ ದಿನಾಂಕ ಬರೆಯಿರಿ. ಆರ್‌ಟಿ-ಪಿಸಿಆರ್ ವರದಿ ಬಂದ ದಿನದಿಂದ ಎಣಿಸುವುದು ಸಾಮಾನ್ಯ ತಪ್ಪು. ವರದಿ ಬರುವಷ್ಟರಲ್ಲಿ ಮೂರು ನಾಲ್ಕು ದಿನ ಕಳೆದಿರುತ್ತದೆ, ನೀವು ಎರಡನೇ ದಿನ ಎಂದುಕೊಂಡದ್ದು ಆರನೇ ದಿನವಾಗಿರುತ್ತದೆ. ದಿನಕ್ಕೆ ನಾಲ್ಕು ಸಲ ಜ್ವರ, ಆಮ್ಲಜನಕದ ಅಂಕಿ, ನಾಡಿ, ನಿಮಿಷಕ್ಕೆ ಎಷ್ಟು ಉಸಿರು ಎಂದು ಬರೆಯಿರಿ. 5ರಿಂದ 10ನೇ ದಿನದವರೆಗೆ ಮಲಗುವ ಮುನ್ನ ಇನ್ನೊಂದು ಸಲ ನೋಡಿ.

ಆಕ್ಸಿಮೀಟರ್ ಹಾಕುವ ವಿಧಾನ:

1. ಉಗುರುಬಣ್ಣ, ಮೆಹಂದಿ ಇಲ್ಲದ ತೋರುಬೆರಳು ಅಥವಾ ನಡುಬೆರಳು ಆರಿಸಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ.
2. ಐದು ನಿಮಿಷ ಸುಮ್ಮನೆ ಕೂತ ಮೇಲೆ, ಕೈಯನ್ನು ಎದೆಯ ಮಟ್ಟದಲ್ಲಿಟ್ಟು ಅಲುಗಿಸದೆ ಹಾಕಿ.
3. ಮೊದಲು ಕಾಣುವ ಅಂಕಿ ಬರೆಯಬೇಡಿ. ಅಂಕಿ ಕದಲದೆ ಐದು ಸೆಕೆಂಡ್ ನಿಂತ ಮೇಲೆ ಬರೆಯಿರಿ.
4. ಯಂತ್ರ ತೋರಿಸುವ ನಾಡಿಯನ್ನು ಮಣಿಕಟ್ಟಿನಲ್ಲಿ ಬೆರಳಿಟ್ಟು ಎಣಿಸಿದ ನಾಡಿಗೆ ಹೋಲಿಸಿ. ಎರಡೂ ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ, ಬೆರಳು ಬದಲಿಸಿ.

ಬೆರಳಿನ ಬದಲು ಪೆನ್ನು ಹಾಕಿದರೂ ಅಂಕಿ ತೋರಿಸುವ ಯಂತ್ರಗಳು ಮಾರುಕಟ್ಟೆಯಲ್ಲಿದ್ದವು. ಫೋನಿನ ಕ್ಯಾಮರಾಕ್ಕೆ ಬೆರಳು ಇಟ್ಟರೆ ಆಮ್ಲಜನಕ ಹೇಳುತ್ತೇವೆ ಎನ್ನುವ ಆ್ಯಪ್‌ಗಳನ್ನು ಇಳಿಸಿಕೊಳ್ಳಲೇಬೇಡಿ. ಕಪ್ಪು ಮೈಬಣ್ಣದವರಲ್ಲಿ ಆಕ್ಸಿಮೀಟರ್ ಇರುವುದಕ್ಕಿಂತ ಒಂದೆರಡು ಅಂಕಿ ಹೆಚ್ಚು ತೋರಿಸಬಹುದು, ನಮ್ಮಲ್ಲಿ ಬಹಳ ಮಂದಿಗೆ ಅನ್ವಯಿಸುವ ಮಾತಿದು. ಆದ್ದರಿಂದ ಒಂದು ಅಂಕಿಗಿಂತ ದಿನದಿಂದ ದಿನಕ್ಕೆ ಅದು ಎತ್ತ ಸಾಗುತ್ತಿದೆ ಎಂಬುದನ್ನು ನೋಡಿ. ನಿನ್ನೆ 98, ಇವತ್ತು ಬೆಳಿಗ್ಗೆ 96, ಸಂಜೆ 95 ಎಂದರೆ ಇನ್ನೂ 94ರ ಮೇಲಿದೆ ಎಂದು ಸಮಾಧಾನಪಡುವ ಹೊತ್ತಲ್ಲ.

94 ಮತ್ತು ಮೇಲಿದ್ದರೆ ಮನೆಯಲ್ಲಿ ಇರಬಹುದು. 90ರಿಂದ 93ರ ನಡುವೆ ಇದ್ದರೆ, ಅಥವಾ ನಿಮಿಷಕ್ಕೆ 24 ಸಲ ಇಲ್ಲವೇ ಹೆಚ್ಚು ಉಸಿರಾಡುತ್ತಿದ್ದರೆ, ಆಸ್ಪತ್ರೆಗೆ. 90ಕ್ಕಿಂತ ಕಡಿಮೆ ಅಥವಾ ಉಸಿರು 30 ದಾಟಿದರೆ ತಕ್ಷಣ 108. ಮೊದಲೇ ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರ ಮಾಮೂಲಿ ಅಂಕಿಯೇ ಕಡಿಮೆ ಇರುತ್ತದೆ, ಅವರ ಗಡಿ ಎಷ್ಟು ಎಂದು ವೈದ್ಯರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು. ಉಸಿರು ಎಣಿಸುವಾಗ ರೋಗಿಗೆ ಹೇಳಬೇಡಿ, ಗೊತ್ತಾದರೆ ಉಸಿರಾಟ ಬದಲಾಗುತ್ತದೆ. ನಾಡಿ ನೋಡುವಂತೆ ಕೈ ಹಿಡಿದುಕೊಂಡು ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ.

ಕೂತಾಗ ಅಂಕಿ ಸರಿಯಿದ್ದವರಿಗೆ ಆರು ನಿಮಿಷದ ನಡಿಗೆ ಪರೀಕ್ಷೆ: ಆಕ್ಸಿಮೀಟರ್ ಹಾಕಿಕೊಂಡೇ ಮನೆಯೊಳಗೆ ಮಾಮೂಲಿ ವೇಗದಲ್ಲಿ ನಡೆಯುವುದು. ವಯಸ್ಸಾದವರಿಗೆ ಮೂರು ನಿಮಿಷ ಸಾಕು, ಜೊತೆಗೊಬ್ಬರು ಇರಲಿ. ಅಂಕಿ 94ಕ್ಕಿಂತ ಕೆಳಗಿಳಿದರೆ ಅಥವಾ ಮೂರು, ನಾಲ್ಕು ಅಂಕಿ ಕುಸಿದರೆ ವೈದ್ಯರಿಗೆ ಫೋನ್. ಕೂತಲ್ಲೇ ಕಡಿಮೆ ಇದ್ದವರನ್ನು ನಡೆಸಬಾರದು. ‘ಹತ್ತು ಸೆಕೆಂಡ್ ಉಸಿರು ಬಿಗಿಹಿಡಿದರೆ ಕೊರೊನಾ ಇಲ್ಲ’ ಎಂಬ ಪರೀಕ್ಷೆಗೆ ಯಾವ ಅರ್ಥವೂ ಇಲ್ಲ. ಸೋಂಕಿರುವ ಹುಡುಗರು ಇಪ್ಪತ್ತು ಸೆಕೆಂಡ್ ಹಿಡಿಯುತ್ತಾರೆ, ಸೋಂಕಿಲ್ಲದ ಆಸ್ತಮಾ ರೋಗಿ ಐದಕ್ಕೇ ಬಿಡುತ್ತಾರೆ.

ಆಸ್ಪತ್ರೆ ಸಿಗುವವರೆಗೆ ಮಾಡಬಹುದಾದ ಒಂದೇ ನಿಜವಾದ ‘ಮನೆಮದ್ದು’ ಬೋರಲು ಮಲಗುವುದು. ಕುತ್ತಿಗೆಯ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯ ಮೇಲ್ಭಾಗದವರೆಗೆ ಒಂದೆರಡು, ಮೊಣಕಾಲಿನಿಂದ ಪಾದದವರೆಗಿನ ಕಾಲಿನ ಅಡಿಗೆ ಎರಡು. ಬೆನ್ನಿನ ಕಡೆಯ ಶ್ವಾಸಕೋಶದ ಭಾಗ ತೆರೆದುಕೊಂಡು ಆಮ್ಲಜನಕ ಸೇರುವುದು ಸುಧಾರಿಸುತ್ತದೆ. ಅರ್ಧ ಗಂಟೆಯಿಂದ ಎರಡು ಗಂಟೆ, ಆಮೇಲೆ ಬಲಮಗ್ಗುಲು, ಒರಗಿ ಕೂರುವುದು, ಎಡಮಗ್ಗುಲು, ಮತ್ತೆ ಬೋರಲು. ಊಟವಾಗಿ ಒಂದು ಗಂಟೆಯೊಳಗೆ ಬೇಡ. ಗರ್ಭಿಣಿಯರು, ಕಾಲಿನ ರಕ್ತನಾಳದಲ್ಲಿ ಇತ್ತೀಚೆಗೆ ಹೆಪ್ಪುಗಟ್ಟಿದವರು, ತೀವ್ರ ಹೃದಯ ಕಾಯಿಲೆಯವರು, ಬೆನ್ನುಮೂಳೆ ಅಥವಾ ಸೊಂಟ ಮುರಿದವರು ಬೋರಲು ಮಲಗಬಾರದು. ಇದು ಆಂಬುಲೆನ್ಸ್ ಬರುವವರೆಗಿನ ಊರುಗೋಲು, ಅಂಕಿ ಏರಿತೆಂದು ಆಂಬುಲೆನ್ಸನ್ನು ವಾಪಸು ಕಳಿಸಬೇಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ, ದಿನಕ್ಕೆ ನಾಲ್ಕು ಮೀರದಂತೆ. ಇಲ್ಲಿ ಎಡವಟ್ಟಾಗುವುದು ಬಹುತೇಕ ಒಂದೇ ಬಗೆಯಲ್ಲಿ: ಜ್ವರಕ್ಕೆ ಡೋಲೋ, ನೆಗಡಿಗೆ ಬೇರೆ ಮಾತ್ರೆ, ಮೈಕೈ ನೋವಿಗೆ ಇನ್ನೊಂದು. ಮೂರರಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ ಕೂಡಿಸಿ. ಮದ್ಯ ಕುಡಿಯುವವರು, ಯಕೃತ್ತಿನ ತೊಂದರೆ ಇರುವವರು ಪ್ರಮಾಣವನ್ನು ವೈದ್ಯರಿಂದಲೇ ಕೇಳಬೇಕು. ಮಕ್ಕಳಿಗೆ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಭೇದಿ ಇದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ, ಕಣ್ಣಳತೆ ಬೇಡ.

ತೊಳೆಯುವುದು, ಉಜ್ಜುವುದು

ನೆಲಕ್ಕೆ ಲೀಟರ್ ನೀರಿಗೆ ಮಟ್ಟಸ ಒಂದು ಟೀ ಚಮಚ ಬ್ಲೀಚಿಂಗ್ ಪೌಡರ್ ಸಾಕು, ಒರೆಸಿ ಹತ್ತು ನಿಮಿಷ ಬಿಡಿ. ಹಳೆಯ, ಗಂಟುಕಟ್ಟಿದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಶೌಚಾಲಯ ತೊಳೆಯುವ ಆ್ಯಸಿಡ್ ಜೊತೆ ಇದನ್ನು ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಉಸಿರುಕಟ್ಟಿ ಬೀಳಿಸುವಷ್ಟು. ತರಕಾರಿಗೆ ಹರಿಯುವ ನೀರು ಸಾಕು, ಸೋಪು ಡಿಟರ್ಜೆಂಟ್ ಬೇಡ. ಜನರ ಮೇಲೆ ಸೋಂಕುನಾಶಕ ಸಿಂಪಡಿಸುವುದು ಬೇಡವೆಂದು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿತ್ತು, ಆದರೂ ಊರ ಬಾಗಿಲುಗಳಲ್ಲಿ ಸಿಂಪರಣಾ ಸುರಂಗಗಳು ಎಷ್ಟೋ ದಿನ ನಿಂತಿದ್ದವು.

ಭಯಕ್ಕೆ ಏನು ಮಾಡುವುದು

ಭಯದಿಂದಲೂ ಉಸಿರು ಕಟ್ಟುತ್ತದೆ. ಬೆರಳು ಜುಮ್ಮೆನ್ನುವುದು, ಎದೆ ಬಡಿದುಕೊಳ್ಳುವುದು, ಆಳವಾಗಿ ಉಸಿರೆಳೆದರೂ ಸಾಲದು ಎನಿಸುವುದು, ಮತ್ತು ಆಕ್ಸಿಮೀಟರ್‌ನಲ್ಲಿ 98: ಇದು ಹೆಚ್ಚಾಗಿ ಭಯ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಎಳೆದು, ಶಿಳ್ಳೆ ಹಾಕುವಂತೆ ತುಟಿ ಕಿರಿದು ಮಾಡಿ ಸಣ್ಣಗೆ ಆರು ಎಣಿಸುವಷ್ಟು ಹೊತ್ತು ಬಿಡಲು ಹೇಳಿ ಹತ್ತು ನಿಮಿಷ ಜೊತೆಗೆ ಕೂತಿರಿ, ಆಮೇಲೆ ಮತ್ತೆ ಅಳೆಯಿರಿ. ಕೋವಿಡ್‌ನ ಕೆಟ್ಟ ಗುಣ ಇದರ ತಿರುಗುಮುರುಗು: ಅಂಕಿ 86 ಇರುವವರು ‘ನನಗೇನೂ ಆಗಿಲ್ಲ’ ಎನ್ನುತ್ತಾ ಕಾಫಿ ಕೇಳುತ್ತಾರೆ. ಆದ್ದರಿಂದ ಭಯವೋ ಕಾಯಿಲೆಯೋ ಎಂದು ಮುಖ ನೋಡಿ ತೀರ್ಮಾನಿಸದೆ ಅಂಕಿಯನ್ನು ಕೇಳಿ. ಎದೆಯಲ್ಲಿ ಭಾರ, ಗೊಂದಲದ ಮಾತು, ಎಬ್ಬಿಸಿದರೆ ಏಳದ ಮಂಪರು, ತುಟಿ ನೀಲಿಗಟ್ಟುವುದು ಕಂಡರೆ ಅಂಕಿಗೂ ಕಾಯಬೇಡಿ.

ಸಾವಿನ ಸುದ್ದಿ ನೋಡುವುದಕ್ಕೆ ದಿನದಲ್ಲಿ ಒಂದು ಹೊತ್ತು ಇಟ್ಟುಕೊಳ್ಳಿ, ಮಲಗುವ ಮುನ್ನ ಬೇಡ. ಕೈಮೀರಿದಾಗ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸೇವೆ ಇದು, ಮುಂದಿನ ಸಾಂಕ್ರಾಮಿಕದಲ್ಲೂ ಬೇಕಾಗುವಂಥದ್ದು. ಲಸಿಕೆಯ ಭಯಕ್ಕೂ ಹೀಗೆಯೇ ಕಿವಿಗೊಡಬೇಕು. ‘ಎರಡು ವರ್ಷದಲ್ಲಿ ಸಾಯುತ್ತಾರೆ’ ಎಂದು 2021ರಲ್ಲಿ ಓಡಾಡಿದ ಮಾತಿನ ಗಡುವು ಯಾವತ್ತೋ ಮುಗಿದಿದೆ. ‘ಲಸಿಕೆ ಹಾಕಿಸಿದ ಮೇಲೆ ನಮ್ಮ ಪಕ್ಕದ ಮನೆಯವರಿಗೆ ಹೀಗಾಯಿತು’ ಎನ್ನುವವರನ್ನು ಮಾತ್ರ ನಕ್ಕು ಕಳಿಸಬೇಡಿ, ಯಾವಾಗ ಹಾಕಿಸಿದ್ದು, ಏನಾಯಿತು, ವೈದ್ಯರು ಏನಂದರು ಎಂದು ಕೇಳಿ.

ಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ: ಲಕ್ಷಣ ಶುರುವಾದ ದಿನಾಂಕ. 5ನೇ ದಿನ ಯಾವತ್ತು, 10ನೇ ದಿನ ಯಾವತ್ತು. 94ಕ್ಕಿಂತ ಕಡಿಮೆಯಾದರೆ ಯಾರಿಗೆ ಫೋನ್, ಯಾವ ಆಸ್ಪತ್ರೆ, ಯಾರ ಗಾಡಿ. ಮೂರು ದಿನ ಕಳೆದರೂ ಜ್ವರ 100 ಡಿಗ್ರಿಗಿಂತ ಇಳಿಯದಿದ್ದರೆ ವೈದ್ಯರಿಗೆ ಹೇಳಬೇಕು. ರೋಗಿ ದಿನವೂ ತೆಗೆದುಕೊಳ್ಳುವ ಬಿಪಿ, ಸಕ್ಕರೆ ಮಾತ್ರೆಗಳ ಹೆಸರು. ಕುಡಿಯುತ್ತಿರುವ ಕಷಾಯದಲ್ಲಿ ಏನೇನಿದೆ ಎಂಬುದನ್ನೂ ಬರೆಯಿರಿ, ಆಸ್ಪತ್ರೆಯಲ್ಲಿ ಕೇಳಿದಾಗ ಅದನ್ನು ಹೇಳುವವರು ಆ ಹೊತ್ತಿಗೆ ಮನೆಯಲ್ಲಿ ಉಳಿದಿರುತ್ತಾರೆ.